ಕೇಬಲ್ ಇಲ್ಲದ ಟೆದರಿಂಗ್: ಕ್ಯಾಮೆರಾದಿಂದ ಕಂಪ್ಯೂಟರ್‌ಗೆ ವೈ-ಫೈ ದಾರಿ

ಶಟರ್ ಒತ್ತಿದ ಕೆಲವೇ ಸೆಕೆಂಡುಗಳಲ್ಲಿ ಚಿತ್ರ ಪಕ್ಕದ ಕಂಪ್ಯೂಟರ್ ಪರದೆಯ ಮೇಲೆ ಮೂಡುವಂತೆ ಎರಡನ್ನೂ ಜೋಡಿಸಿಕೊಂಡು ಫೋಟೊ ತೆಗೆಯುವ ಕ್ರಮಕ್ಕೆ ಟೆದರ್ಡ್ ಶೂಟಿಂಗ್ ಎಂದು ಹೆಸರು. ಸ್ಟುಡಿಯೊಗಳಲ್ಲಿ ಬರೀ ಟೆದರಿಂಗ್ ಎಂದರೆ ಸಾಕು. ಕ್ಯಾಮೆರಾದ ಬೆನ್ನಿಗಿರುವ ಮೂರು ಇಂಚಿನ ಪರದೆಯಲ್ಲಿ ಚೊಕ್ಕವಾಗಿ ಕಂಡ ಫೋಕಸ್ ಹದಿನೈದು ಇಂಚಿನ ಪರದೆಯಲ್ಲೂ ಹಾಗೆಯೇ ಕಾಣಬೇಕೆಂದಿಲ್ಲ. ಸೀರೆಯ ಜರಿ ಅಂಚಿನಲ್ಲಿ ಬೆಳಕು ಹೆಚ್ಚಾಗಿ ವಿವರವೆಲ್ಲ ಬಿಳುಪಾಗಿರುವುದು, ಒಡವೆಯ ಹರಳಿನ ಮೇಲೆ ಕೂತ ಧೂಳು, ರೂಪದರ್ಶಿಯ ಭುಜದಿಂದ ತುಸು ಜಾರಿದ ಸೆರಗು, ಇವೆಲ್ಲ ದೊಡ್ಡ ಪರದೆಯಲ್ಲಿ ತಟ್ಟನೆ ಕಣ್ಣಿಗೆ ಬೀಳುತ್ತವೆ. ಲೈಟು, ಸರಕು, ಜನ ಎಲ್ಲ ಇನ್ನೂ ಅಲ್ಲೇ ಇರುವುದರಿಂದ ತಿದ್ದಿಕೊಂಡು ಮತ್ತೆ ತೆಗೆಯಬಹುದು. ಗ್ರಾಹಕರು ಛಾಯಾಗ್ರಾಹಕನ ಹೆಗಲ ಮೇಲಿಂದ ಇಣುಕುವ ಬದಲು ತಮ್ಮ ಪಾಡಿಗೆ ಕೂತು ನೋಡಿ ಒಪ್ಪಿಗೆ ಹೇಳಬಹುದು.

ಈ ಕೆಲಸಕ್ಕೆ ಯುಎಸ್‌ಬಿ ಕೇಬಲ್ ಹಳೆಯ ಮತ್ತು ನಂಬಿಕಸ್ಥ ದಾರಿ. ಆದರೆ ಕೇಬಲ್‌ಗೆ ಉದ್ದದ ಮಿತಿಯಿದೆ. ಯುಎಸ್‌ಬಿ 2.0 ಕೇಬಲ್ ಐದು ಮೀಟರ್ ದಾಟಿದರೆ, ಯುಎಸ್‌ಬಿ 3 ಕೇಬಲ್ ಸುಮಾರು ಮೂರು ಮೀಟರ್ ದಾಟಿದರೆ, ನಡುವೆ ಸಂಕೇತಕ್ಕೆ ಬಲ ಕೊಡುವ ಆ್ಯಕ್ಟಿವ್ ಎಕ್ಸ್‌ಟೆನ್ಷನ್ ಬೇಕಾಗುತ್ತದೆ. ಕಾಲಿಗೆ ತೊಡರಿ ಲ್ಯಾಪ್‌ಟಾಪ್ ಕೆಳಗೆ ಬೀಳುವುದು, ಕ್ಯಾಮೆರಾದ ಸಾಕೆಟ್ ಸಡಿಲವಾಗುವುದು ಸ್ಟುಡಿಯೊಗಳಲ್ಲಿ ಹೊಸ ಸುದ್ದಿಯಲ್ಲ. ಏಣಿಯ ಮೇಲೆ ನಿಂತು ಊಟದ ಎಲೆಯನ್ನು ಮೇಲಿನಿಂದ ತೆಗೆಯುವಾಗ, ಕಲ್ಯಾಣ ಮಂಟಪದ ತುಂಬ ಓಡಾಡುತ್ತ ತೆಗೆದ ಚಿತ್ರಗಳು ಮೂಲೆಯ ಮೇಜಿನಲ್ಲಿ ಆಗಿಂದಾಗ್ಗೆ ಪ್ರಿಂಟ್ ಆಗಬೇಕಾದಾಗ, ಗಿಂಬಲ್ ಅಥವಾ ಉದ್ದದ ಬೂಮ್ ಮೇಲೆ ಕ್ಯಾಮೆರಾ ಕೂರಿಸಿದಾಗ ಕೇಬಲ್ ಒಂದು ಕಾಟವೇ. ವೈ-ಫೈ ಟೆದರಿಂಗ್ ಬಳಕೆಗೆ ಬರುವುದು ಇಂಥ ಕಡೆ.

ಇದೇನೂ ತೀರಾ ಹೊಸದಲ್ಲ. ನಿಕಾನ್ 2003ರಲ್ಲೇ ಡಿ2ಎಚ್ ಕ್ಯಾಮೆರಾದ ಜೊತೆ ಡಬ್ಲ್ಯುಟಿ-1 ಎಂಬ ವೈ-ಫೈ ಸಾಧನ ತಂದಿತ್ತು. ಆಗ ಅದು ಪತ್ರಿಕಾ ಛಾಯಾಗ್ರಾಹಕರಿಗಷ್ಟೇ ಎಟುಕುವ ಸಲಕರಣೆ. 2012ರಲ್ಲಿ ಬಂದ ಇಒಎಸ್ 6ಡಿ, ಕ್ಯಾನನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಒಳಗೇ ವೈ-ಫೈ ಇದ್ದ ಮೊದಲನೆಯದು. ಈಗ ಮಧ್ಯಮ ಬೆಲೆಯ ಹೆಚ್ಚಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ಸೌಲಭ್ಯ ಇದ್ದೇ ಇರುತ್ತದೆ. ಇದ್ದೂ ಬಳಸದವರೇ ಹೆಚ್ಚು. ಮೊದಲ ಸಲ ಜೋಡಿಸಲು ಹೋಗಿ ಸೋತು ಕೈಬಿಟ್ಟಿರುತ್ತಾರೆ. ಆ ಸೋಲಿಗೆ ಕಾರಣ ಬಹುಪಾಲು ಕ್ಯಾಮೆರಾದಲ್ಲಿ ಇರುವುದಿಲ್ಲ, ನೆಟ್‌ವರ್ಕ್‌ನಲ್ಲಿ ಇರುತ್ತದೆ.

ಎರಡು ಬಗೆಯ ಜೋಡಣೆ

ಕ್ಯಾಮೆರಾ ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳಲು ಪಿಟಿಪಿ, ಅಂದರೆ ಪಿಕ್ಚರ್ ಟ್ರಾನ್ಸ್‌ಫರ್ ಪ್ರೊಟೊಕಾಲ್ ಎಂಬ ನಿಯಮಾವಳಿ ಇದೆ. ಐಎಸ್‌ಒ 15740 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೇ. ಮೊದಲು ಯುಎಸ್‌ಬಿಯ ಮೇಲೆ ಬಳಕೆಯಾದ ಇದನ್ನು ನೆಟ್‌ವರ್ಕ್ ಮೇಲೂ ಓಡುವಂತೆ ಒಗ್ಗಿಸಿದ ರೂಪ ಪಿಟಿಪಿ-ಐಪಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘವಾದ ಸಿಐಪಿಎ 2005ರಲ್ಲಿ ಇದನ್ನು ತನ್ನ ಮಾನದಂಡವಾಗಿ ಪ್ರಕಟಿಸಿತು. ಬುನಾದಿ ಒಂದೇ ಆದರೂ ಪ್ರತಿಯೊಂದು ಕಂಪನಿಯೂ ಅದರ ಮೇಲೆ ತನ್ನದೇ ಆಜ್ಞೆಗಳನ್ನು ಸೇರಿಸಿಕೊಂಡಿದೆ. ಕ್ಯಾನನ್‌ಗೆ ಕ್ಯಾನನ್‌ನದೇ ತಂತ್ರಾಂಶ, ನಿಕಾನ್‌ಗೆ ನಿಕಾನ್‌ನದೇ ತಂತ್ರಾಂಶ ಬೇಕಾಗುವುದು ಈ ಕಾರಣಕ್ಕೆ.

‘ವೈ-ಫೈ ಇದೆ’ ಎಂಬ ಒಂದೇ ಮಾತಿನ ಹಿಂದೆ ಎರಡು ಬೇರೆ ಕೆಲಸಗಳಿವೆ. ಒಂದು, ಪೂರ್ತಿ ಟೆದರಿಂಗ್: ಕಂಪ್ಯೂಟರಿನಿಂದಲೇ ಅಪರ್ಚರ್, ಶಟರ್ ವೇಗ, ಐಎಸ್‌ಒ ಬದಲಿಸಬಹುದು, ಲೈವ್ ವ್ಯೂ ನೋಡಬಹುದು, ಕ್ಲಿಕ್ಕಿಸಲೂಬಹುದು. ಇನ್ನೊಂದು, ಬರೀ ರವಾನೆ: ಕ್ಯಾಮೆರಾ ಕೈಯಲ್ಲೇ ಇರುತ್ತದೆ, ತೆಗೆದ ಚಿತ್ರ ಮಾತ್ರ ಕಂಪ್ಯೂಟರಿನ ಒಂದು ಫೋಲ್ಡರ್‌ಗೆ ಹೋಗಿ ಬೀಳುತ್ತದೆ. ಕೆಲವು ಮಾದರಿಗಳು ಎರಡನ್ನೂ ಮಾಡುತ್ತವೆ. ಕೆಲವು ರವಾನೆಯನ್ನಷ್ಟೇ ಮಾಡುತ್ತವೆ. ಇನ್ನು ಕೆಲವು ಅಗ್ಗದ ಮಾದರಿಗಳ ವೈ-ಫೈ ಮೊಬೈಲ್ ಆ್ಯಪ್‌ಗೆ ಸೀಮಿತ, ಕಂಪ್ಯೂಟರ್ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಕ್ಯಾಮೆರಾ ಕೊಳ್ಳುವ ಮುನ್ನ ಅಂಗಡಿಯವರ ಮಾತು ನಂಬುವುದಕ್ಕಿಂತ ಕಂಪನಿಯ ತಾಣದಿಂದ ಆ ಮಾದರಿಯ ಪೂರ್ಣ ಕೈಪಿಡಿ ಇಳಿಸಿಕೊಂಡು ‘ಕಂಪ್ಯೂಟರ್ ಸಂಪರ್ಕ’ದ ಅಧ್ಯಾಯ ಓದುವುದು ಕ್ಷೇಮ.

ಮದುವೆ, ಸಮಾರಂಭಗಳಿಗೆ ರವಾನೆಯೇ ಸಾಕು. ದೂರದ ನಿಯಂತ್ರಣ ಬೇಕಾಗುವುದು ವಸ್ತುಗಳ ಫೋಟೊಗೆ, ಮೇಲಿನಿಂದ ತೆಗೆಯುವ ಅಡುಗೆಯ ಚಿತ್ರಗಳಿಗೆ, ಹಕ್ಕಿಯ ಗೂಡಿನ ಮುಂದೆ ಕ್ಯಾಮೆರಾ ನಿಲ್ಲಿಸಿ ದೂರ ಸರಿಯಬೇಕಾದ ಸಂದರ್ಭಗಳಿಗೆ.

ನೆಟ್‌ವರ್ಕ್ ಯಾರದು?

ಕ್ಯಾಮೆರಾ ಮತ್ತು ಕಂಪ್ಯೂಟರ್ ಒಂದೇ ನೆಟ್‌ವರ್ಕ್‌ನಲ್ಲಿ ಇರಲೇಬೇಕು. ಆ ನೆಟ್‌ವರ್ಕನ್ನು ಯಾರು ಒದಗಿಸುತ್ತಾರೆ ಎಂಬುದರ ಮೇಲೆ ಮೂರು ದಾರಿಗಳಿವೆ.

ಮೊದಲನೆಯದು, ಕ್ಯಾಮೆರಾವೇ ವೈ-ಫೈ ಬಿತ್ತರಿಸುವುದು. ಕ್ಯಾಮೆರಾದ ಪರದೆಯಲ್ಲಿ ಒಂದು ಹೆಸರು, ಒಂದು ಪಾಸ್‌ವರ್ಡ್ ಕಾಣುತ್ತವೆ. ಲ್ಯಾಪ್‌ಟಾಪ್‌ನ ವೈ-ಫೈ ಪಟ್ಟಿಯಲ್ಲಿ ಆ ಹೆಸರನ್ನು ಆರಿಸಿ ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಬಯಲಲ್ಲಿ, ರೂಟರ್ ಇಲ್ಲದ ಕಡೆ ಇದೇ ಸುಲಭ. ಆದರೆ ಎರಡು ತೊಡಕುಗಳಿವೆ. ಆ ಹೊತ್ತಿನಲ್ಲಿ ಲ್ಯಾಪ್‌ಟಾಪ್‌ಗೆ ವೈ-ಫೈ ಮೂಲಕ ಇಂಟರ್ನೆಟ್ ಸಿಗುವುದಿಲ್ಲ. ಇಂಟರ್ನೆಟ್ ಇಲ್ಲದ ನೆಟ್‌ವರ್ಕ್ ಕಂಡ ಲ್ಯಾಪ್‌ಟಾಪ್ ಸದ್ದಿಲ್ಲದೆ ಮನೆಯ ಅಥವಾ ಕಚೇರಿಯ ವೈ-ಫೈಗೆ ಹಾರಿಬಿಡುವುದೂ ಉಂಟು. ಕ್ಯಾಮೆರಾ ಸಂಪರ್ಕ ‘ತಾನಾಗಿ’ ಕಡಿಯಿತು ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಕೆಲಸ ಮುಗಿಯುವವರೆಗೆ ಬೇರೆ ವೈ-ಫೈಗಳ ‘ಆಟೊ ಕನೆಕ್ಟ್’ ಆಫ್ ಮಾಡಿಡಬೇಕು.

ಎರಡನೆಯದು, ರೂಟರ್ ಮೂಲಕ. ಕ್ಯಾಮೆರಾವೂ ಕಂಪ್ಯೂಟರೂ ಒಂದೇ ರೂಟರ್‌ಗೆ ಸೇರುತ್ತವೆ. ಸ್ಟುಡಿಯೊಗೆ ಇದೇ ಉತ್ತಮ, ಅದರಲ್ಲೂ ಕಂಪ್ಯೂಟರನ್ನು ರೂಟರ್‌ಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿದರೆ. ಎರಡೂ ವೈ-ಫೈನಲ್ಲಿದ್ದರೆ ಪ್ರತಿ ಚಿತ್ರವೂ ಗಾಳಿಯಲ್ಲಿ ಎರಡು ಸಲ ಪಯಣಿಸಬೇಕು, ಕ್ಯಾಮೆರಾದಿಂದ ರೂಟರ್‌ಗೊಮ್ಮೆ, ರೂಟರ್‌ನಿಂದ ಕಂಪ್ಯೂಟರ್‌ಗೊಮ್ಮೆ. ಲ್ಯಾನ್ ಕೇಬಲ್ ಹಾಕಿದರೆ ಗಾಳಿಯಲ್ಲಿನ ಎರಡನೆಯ ಪಯಣ ತಪ್ಪುತ್ತದೆ. ಮಂಟಪದ ಅಥವಾ ಹೋಟೆಲಿನ ಉಚಿತ ವೈ-ಫೈ ಮಾತ್ರ ಈ ಕೆಲಸಕ್ಕೆ ಬಾರದು: ಬ್ರೌಸರ್ ತೆರೆದು ಲಾಗಿನ್ ಆಗು ಎನ್ನುವ ನೆಟ್‌ವರ್ಕ್‌ಗೆ ಕ್ಯಾಮೆರಾ ಸೇರಲಾರದು, ಸೇರಿದರೂ ಅತಿಥಿಗಳ ಸಾಧನಗಳು ಪರಸ್ಪರ ಕಾಣದಂತೆ ಅಲ್ಲಿ ತಡೆ ಹಾಕಿರುತ್ತಾರೆ. ಸಾವಿರ ಜನರ ಮೊಬೈಲುಗಳ ನಡುವೆ ಆ ವೈ-ಫೈ ವೇಗವೂ ಅಷ್ಟಕ್ಕಷ್ಟೇ. ಪವರ್ ಬ್ಯಾಂಕ್‌ನಿಂದ ಓಡುವ ಪುಟ್ಟ ಟ್ರಾವೆಲ್ ರೂಟರ್ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು ವಾಸಿ. ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಎರಡು ಸಾಧನಗಳನ್ನು ಒಂದೆಡೆ ಸೇರಿಸುವುದಷ್ಟೇ ಅದರ ಕೆಲಸ.

ಮೂರನೆಯದು, ಲ್ಯಾಪ್‌ಟಾಪನ್ನೋ ಮೊಬೈಲನ್ನೋ ಹಾಟ್‌ಸ್ಪಾಟ್ ಮಾಡುವುದು. ವಿಂಡೋಸ್ 10 ಮತ್ತು 11ರಲ್ಲಿ ‘ಮೊಬೈಲ್ ಹಾಟ್‌ಸ್ಪಾಟ್’ ಎಂಬ ಆಯ್ಕೆ ಇದೆ. ಮೊಬೈಲ್‌ನ ಹಾಟ್‌ಸ್ಪಾಟ್ ಆನ್ ಮಾಡಿ ಕ್ಯಾಮೆರಾ, ಲ್ಯಾಪ್‌ಟಾಪ್ ಎರಡನ್ನೂ ಅದಕ್ಕೆ ಸೇರಿಸಿದರೂ ನಡೆಯುತ್ತದೆ. ಚಿತ್ರಗಳು ಸ್ಥಳೀಯವಾಗಿಯೇ ಸಾಗುವುದರಿಂದ ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ತುರ್ತಿಗೆ ಇದು ಒದಗುತ್ತದೆ, ದಿನವಿಡೀ ನೆಚ್ಚುವಂಥದ್ದಲ್ಲ.

ವೇಗದ ಲೆಕ್ಕ

ಕೇಬಲ್‌ಗೆ ಒಗ್ಗಿದವರಿಗೆ ವೈ-ಫೈ ಮೊದಲು ನಿರಾಸೆ ತರುವುದು ಇಲ್ಲಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 25ರಿಂದ 30 ಮೆಗಾಬೈಟ್ ತೂಗುತ್ತದೆ. 45 ಮೆಗಾಪಿಕ್ಸೆಲ್‌ನದು 50ರ ಆಸುಪಾಸು. ದೊಡ್ಡ ಗಾತ್ರದ ಜೆಪೆಗ್ 8ರಿಂದ 12 ಮೆಗಾಬೈಟ್, ಚಿಕ್ಕ ಗಾತ್ರದ್ದು ಎರಡು–ಮೂರು.

2.4 ಗಿಗಾಹರ್ಟ್ಸ್ ತರಂಗದಲ್ಲಿ ಒಂದೇ ಆ್ಯಂಟೆನಾದ 802.11ಎನ್ ವೈ-ಫೈಗೆ ಕಾಗದದ ಮೇಲಿನ ವೇಗ ಸೆಕೆಂಡಿಗೆ 72 ಮೆಗಾಬಿಟ್. ಬಿಟ್‌ಗೂ ಬೈಟ್‌ಗೂ ಎಂಟು ಪಟ್ಟಿನ ಅಂತರವಿದೆ ಎಂಬುದನ್ನು ಜಾಹೀರಾತುಗಳು ಮರೆಸುತ್ತವೆ: ಅದು 9 ಮೆಗಾಬೈಟ್ ಮಾತ್ರ. ವಾಸ್ತವದಲ್ಲಿ ಅದರ ಅರ್ಧ ಸಿಕ್ಕರೂ ಪುಣ್ಯ. ಅಂದರೆ ಒಂದು ರಾ ಫೈಲ್ ದಾಟಲು ಆರು–ಏಳು ಸೆಕೆಂಡು, ಕೆಲವೊಮ್ಮೆ ಹತ್ತು. 5 ಗಿಗಾಹರ್ಟ್ಸ್‌ನ 802.11ಎಸಿ ವೈ-ಫೈಗೆ ಒಂದು ಆ್ಯಂಟೆನಾದ ಗರಿಷ್ಠ ವೇಗ 433 ಮೆಗಾಬಿಟ್. ಪರಿಸ್ಥಿತಿ ನೆಟ್ಟಗಿದ್ದರೆ ಅದೇ ಫೈಲ್ ಒಂದೆರಡು ಸೆಕೆಂಡಿನಲ್ಲಿ ದಾಟಬಹುದು. ಹೀಗಾಗಿ ಕ್ಯಾಮೆರಾಕ್ಕೆ 5 ಗಿಗಾಹರ್ಟ್ಸ್ ಇದೆಯೇ ಎಂಬುದು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ. 2020ರಲ್ಲಿ ಜೊತೆಯಾಗಿ ಬಂದ ಕ್ಯಾನನ್ ಆರ್5 ಮತ್ತು ಆರ್6ಗಳಲ್ಲಿ ಆರ್5ಗೆ 5 ಗಿಗಾಹರ್ಟ್ಸ್ ಇತ್ತು, ಆರ್6ಗೆ ಇರಲಿಲ್ಲ. ಸೋನಿ ಎ7 III ಕ್ಯಾಮೆರಾದಲ್ಲಿ 2.4 ಮಾತ್ರ, ಎ7 IV ಬಂದಾಗ ಎರಡೂ ಸೇರಿದವು. ಕೆಲವು ಮಾದರಿಗಳಲ್ಲಿ ಮಾರಾಟವಾದ ದೇಶಕ್ಕೆ ತಕ್ಕಂತೆ 5 ಗಿಗಾಹರ್ಟ್ಸ್ ಮುಚ್ಚಿರುವುದೂ ಉಂಟು. ಹೊರದೇಶದಿಂದ ತರಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಕ್ಯಾಮೆರಾ ಯಾವುದೇ ಇರಲಿ, ಈ ಲೆಕ್ಕದಿಂದ ಹೊರಡುವ ಉಪಾಯ ಒಂದೇ. ರಾ ಮತ್ತು ಜೆಪೆಗ್ ಎರಡನ್ನೂ ತೆಗೆದು, ರಾ ಫೈಲ್ ಕಾರ್ಡಿನಲ್ಲೇ ಉಳಿಯಲಿ ಎಂದು ಬಿಟ್ಟು, ಜೆಪೆಗ್ ಮಾತ್ರ ಗಾಳಿಯಲ್ಲಿ ಕಳಿಸುವುದು. ಫೋಕಸ್, ಬೆಳಕು, ಭಂಗಿ ನೋಡಲು ಜೆಪೆಗ್ ಬೇಕಾದಷ್ಟಾಯಿತು. ಸಂಜೆ ಕಾರ್ಡ್ ರೀಡರ್‌ನಿಂದ ರಾ ಫೈಲುಗಳನ್ನು ಒಟ್ಟಿಗೆ ಇಳಿಸಿಕೊಂಡರಾಯಿತು. ಸೋನಿಯಲ್ಲಿ ಈ ಆಯ್ಕೆ ಪಿಸಿ ರಿಮೋಟ್ ಸೆಟ್ಟಿಂಗ್‌ಗಳ ಒಳಗೆ, ನಿಕಾನ್ ಝಡ್8, ಝಡ್9ಗಳಲ್ಲಿ ‘ಅಪ್‌ಲೋಡ್ ರಾ + ಜೆಪೆಗ್ ಆ್ಯಸ್’ ಎಂಬ ಹೆಸರಲ್ಲಿ ಸಿಗುತ್ತದೆ. ಪ್ರತಿ ರಾ ಫೈಲನ್ನೂ ಗಾಳಿಯಲ್ಲೇ ತರಿಸಬೇಕೆಂಬ ಹಟ ಹಿಡಿದವರು ಅರ್ಧ ದಿನದಲ್ಲಿ ಕೇಬಲ್‌ಗೆ ಮರಳುತ್ತಾರೆ.

ಕ್ಯಾನನ್ ಜೋಡಿಸುವ ಕ್ರಮ

ಕ್ಯಾನನ್ ಮಿರರ್‌ಲೆಸ್ ಮತ್ತು ವಿಂಡೋಸ್ ಲ್ಯಾಪ್‌ಟಾಪ್ ಇಲ್ಲಿ ಸಾಮಾನ್ಯವಾಗಿ ಕಾಣುವ ಜೋಡಿಯಾದ್ದರಿಂದ ಅದರ ಕ್ರಮವನ್ನು ವಿವರವಾಗಿ ನೋಡುವುದು ಒಳ್ಳೆಯದು. ಮೆನುವಿನ ಪದಗಳು ಮಾದರಿಯಿಂದ ಮಾದರಿಗೆ ತುಸು ಬದಲಾದರೂ ಹೆಜ್ಜೆಗಳು ಅವೇ.

ಇಒಎಸ್ ಯುಟಿಲಿಟಿ ಎಂಬ ತಂತ್ರಾಂಶ ಕ್ಯಾನನ್ ತಾಣದಲ್ಲಿ ಉಚಿತ. ಅದನ್ನು ಮೊದಲೇ ಇಳಿಸಿ ಸ್ಥಾಪಿಸಿಕೊಳ್ಳಬೇಕು. ಕ್ಯಾಮೆರಾದ ವೈ-ಫೈಗೆ ಸೇರಿದರೆ ಇಂಟರ್ನೆಟ್ ಇರುವುದಿಲ್ಲ ಎಂಬುದು ಅನೇಕರಿಗೆ ನೆನಪಾಗುವುದು ಸೇರಿದ ಮೇಲೆಯೇ. ನಂತರ ಕ್ಯಾಮೆರಾದ ವೈರ್‌ಲೆಸ್ ಮೆನುವಿನಲ್ಲಿ ಏರ್‌ಪ್ಲೇನ್ ಮೋಡ್ ಆಫ್ ಇದೆಯೇ, ವೈ-ಫೈ ಆನ್ ಇದೆಯೇ ನೋಡಿಕೊಂಡು, ವೈ-ಫೈ ಸಂಪರ್ಕದ ಪಟ್ಟಿಯಲ್ಲಿ ‘ರಿಮೋಟ್ ಕಂಟ್ರೋಲ್ (ಇಒಎಸ್ ಯುಟಿಲಿಟಿ)’ ಎಂಬ ಕಂಪ್ಯೂಟರ್ ಚಿಹ್ನೆ ಆರಿಸಬೇಕು. ಪಕ್ಕದಲ್ಲೇ ಇರುವ ಮೊಬೈಲ್ ಚಿಹ್ನೆ ಬೇರೆ ಕೆಲಸದ್ದು. ಹೊಸ ಸಾಧನ ಸೇರಿಸು ಎಂದು ಹೇಳಿದೊಡನೆ ಕ್ಯಾಮೆರಾ ತನ್ನ ವೈ-ಫೈ ಹೆಸರು, ಪಾಸ್‌ವರ್ಡ್ ತೋರಿಸುತ್ತದೆ. ರೂಟರ್ ಮೂಲಕ ಹೋಗುವವರು ಇಲ್ಲೇ ನೆಟ್‌ವರ್ಕ್ ಬದಲಿಸುವ ಆಯ್ಕೆ ಒತ್ತಿ, ತಮ್ಮ ರೂಟರ್ ಹೆಸರನ್ನು ಆರಿಸಿ, ಅದರ ಪಾಸ್‌ವರ್ಡ್ ಟೈಪಿಸಬೇಕು. ಐಪಿ ವಿಳಾಸ ಕೇಳಿದರೆ ‘ಆಟೊ’ ಎಂದರೆ ಸಾಕು.

ಎರಡೂ ಒಂದೇ ನೆಟ್‌ವರ್ಕ್‌ಗೆ ಬಂದ ಮೇಲೆ ಪೇರಿಂಗ್, ಅಂದರೆ ಪರಸ್ಪರ ಪರಿಚಯ. ಕ್ಯಾಮೆರಾದಲ್ಲಿ ಪೇರಿಂಗ್ ಶುರು ಎಂದು ಒಪ್ಪಿ, ಲ್ಯಾಪ್‌ಟಾಪ್‌ನಲ್ಲಿ ಇಒಎಸ್ ಯುಟಿಲಿಟಿ ತೆರೆದು ‘ಪೇರಿಂಗ್ ಓವರ್ ವೈ-ಫೈ/ಲ್ಯಾನ್’ ಒತ್ತಬೇಕು. ಆಗ ಫೈರ್‌ವಾಲ್ ಬಗ್ಗೆ ಒಂದು ಎಚ್ಚರಿಕೆ ಬರಬಹುದು. ಒಪ್ಪಿಗೆ ಕೊಡಲೇಬೇಕು, ಅವಸರದಲ್ಲಿ ‘ಕ್ಯಾನ್ಸಲ್’ ಒತ್ತಿದರೆ ಮುಂದೆ ಕ್ಯಾಮೆರಾ ಪತ್ತೆಯಾಗುವುದಿಲ್ಲ. ಪಟ್ಟಿಯಲ್ಲಿ ಕ್ಯಾಮೆರಾದ ಹೆಸರು ಕಂಡಾಗ ಅದನ್ನು ಆರಿಸಿ ‘ಕನೆಕ್ಟ್’ ಎಂದರೆ ಕ್ಯಾಮೆರಾದ ಪರದೆಯಲ್ಲಿ ಕಂಪ್ಯೂಟರಿನ ಹೆಸರು ಮೂಡುತ್ತದೆ. ಅಲ್ಲಿ ‘ಓಕೆ’ ಒತ್ತಿದರೆ ಕೆಲಸ ಮುಗಿಯಿತು. ಮರುದಿನ ಇಷ್ಟೆಲ್ಲ ಮಾಡಬೇಕಿಲ್ಲ. ಈ ಸಂಪರ್ಕ ಕ್ಯಾಮೆರಾದಲ್ಲಿ ಉಳಿದಿರುತ್ತದೆ. ಅದನ್ನು ಆರಿಸಿದರೆ ಸಾಕು.

ತಂತ್ರಾಂಶದ ಪ್ರಿಫರೆನ್ಸಸ್‌ನಲ್ಲಿ ಎರಡು ಸಂಗತಿಗಳನ್ನು ಆರಂಭದಲ್ಲೇ ಸರಿಮಾಡಿಕೊಳ್ಳಬೇಕು. ಚಿತ್ರಗಳು ಯಾವ ಫೋಲ್ಡರ್‌ಗೆ ಬೀಳಬೇಕು ಎಂಬುದು ಒಂದು. ಕ್ಯಾಮೆರಾದ ಕಾರ್ಡಿನಲ್ಲೂ ಉಳಿಸು ಎಂಬ ಆಯ್ಕೆ ಇನ್ನೊಂದು. ಇದು ಆಫ್ ಆಗಿದ್ದರೆ ಚಿತ್ರ ಕಂಪ್ಯೂಟರಿನಲ್ಲಿ ಮಾತ್ರ ಉಳಿಯುತ್ತದೆ. ವೈ-ಫೈ ಮೇಲೆ ಅಂಥ ಸಾಹಸ ಬೇಡವೇ ಬೇಡ. ನಡುವೆ ಸಂಪರ್ಕ ಹೋದರೆ ಕಾರ್ಡಿನಲ್ಲಿರುವ ಪ್ರತಿಯೇ ಗತಿ.

ಉಳಿದ ಕಂಪನಿಗಳು, ಹೊರಗಿನ ತಂತ್ರಾಂಶಗಳು

ನಿಕಾನ್‌ನಲ್ಲಿ ಪರಿಚಯ ಮಾಡಿಸುವ ತಂತ್ರಾಂಶ ಬೇರೆ, ನಿಯಂತ್ರಿಸುವ ತಂತ್ರಾಂಶ ಬೇರೆ. ವೈರ್‌ಲೆಸ್ ಟ್ರಾನ್ಸ್‌ಮಿಟರ್ ಯುಟಿಲಿಟಿ ಮೊದಲನೆಯದು: ಕ್ಯಾಮೆರಾದ ‘ಕನೆಕ್ಟ್ ಟು ಪಿಸಿ’ ಮೆನುವಿನಲ್ಲಿ ಒಂದು ಪ್ರೊಫೈಲ್ ರಚಿಸಿಕೊಂಡರೆ ಪರದೆಯಲ್ಲಿ ಒಂದು ಸಂಕೇತ ಸಂಖ್ಯೆ ಬರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ನಮೂದಿಸಬೇಕು. ನಂತರ ಚಿತ್ರಗಳು ‘ಪಿಕ್ಚರ್ಸ್’ ಫೋಲ್ಡರಿನೊಳಗೆ ಆ ತಂತ್ರಾಂಶದ ಹೆಸರಿನ ಉಪಫೋಲ್ಡರ್‌ಗೆ ಬಂದು ಸೇರುತ್ತವೆ. ತೆಗೆದೊಡನೆ ತಾನಾಗಿ ಹೋಗಬೇಕಾದರೆ ‘ಆಟೊ ಸೆಂಡ್’ ಆನ್ ಇರಬೇಕು. ಕ್ಯಾಮೆರಾದಲ್ಲಿ ಚಿತ್ರದ ಮೇಲೆ ಕಾಣುವ ಗುರುತಿನ ಬಣ್ಣದಿಂದಲೇ ಸ್ಥಿತಿ ತಿಳಿಯಬಹುದು: ಬಿಳಿ ಎಂದರೆ ಸರದಿಯಲ್ಲಿದೆ, ಹಸಿರು ಎಂದರೆ ಹೋಗುತ್ತಿದೆ, ನೀಲಿ ಎಂದರೆ ತಲುಪಿದೆ. ಕಂಪ್ಯೂಟರಿನಿಂದ ನಿಯಂತ್ರಿಸಲು ಎನ್‌ಎಕ್ಸ್ ಟೆದರ್ ಎಂಬ ಉಚಿತ ತಂತ್ರಾಂಶವಿದೆ. ಆದರೆ ವೈ-ಫೈ ಮೇಲೆ ಅದಕ್ಕೆ ಎಲ್ಲ ಮಾದರಿಗಳೂ ಬಗ್ಗುವುದಿಲ್ಲ.

ಸೋನಿಯಲ್ಲಿ ಇಮೇಜಿಂಗ್ ಎಡ್ಜ್ ಡೆಸ್ಕ್‌ಟಾಪ್‌ನ ‘ರಿಮೋಟ್’ ಭಾಗ ಈ ಕೆಲಸ ಮಾಡುತ್ತದೆ. ಕ್ಯಾಮೆರಾದಲ್ಲಿ ಪಿಸಿ ರಿಮೋಟ್ ಆನ್ ಮಾಡಿ, ಸಂಪರ್ಕದ ಬಗೆಯನ್ನು ಯುಎಸ್‌ಬಿಯಿಂದ ವೈ-ಫೈಗೆ ಬದಲಿಸಬೇಕು. ಚಿತ್ರ ಎಲ್ಲಿ ಉಳಿಯಬೇಕೆಂಬ ಆಯ್ಕೆಯಲ್ಲಿ ‘ಪಿಸಿ + ಕ್ಯಾಮೆರಾ’ ಇರಲಿ. ಫ್ಯೂಜಿಫಿಲ್ಮ್‌ನ ಮೇಲ್ದರ್ಜೆಯ ಎಕ್ಸ್ ಮತ್ತು ಜಿಎಫ್‌ಎಕ್ಸ್ ಮಾದರಿಗಳಲ್ಲಿ ಸಂಪರ್ಕ ಮೆನುವಿನೊಳಗೆ ವೈರ್‌ಲೆಸ್ ಟೆದರ್ ಎಂಬ ಪ್ರತ್ಯೇಕ ಸ್ಥಿತಿಯೇ ಇದೆ. ಅದಕ್ಕೆ ಎಕ್ಸ್ ಅಕ್ವೈರ್ ಉಚಿತ ತಂತ್ರಾಂಶ.

ಸ್ಟುಡಿಯೊಗಳಲ್ಲಿ ಹೆಚ್ಚು ಬಳಕೆಯ ಕ್ಯಾಪ್ಚರ್ ಒನ್ ಈಗ ಆಯ್ದ ಮಾದರಿಗಳಿಗೆ ವೈ-ಫೈ ಟೆದರಿಂಗ್ ಕೊಡುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನ ಟೆದರ್ ಸೌಲಭ್ಯ ಯುಎಸ್‌ಬಿಯನ್ನೇ ನೆಚ್ಚಿದೆ. ಅದಕ್ಕೊಂದು ಅಡ್ಡದಾರಿ ಇದೆ, ಅದು ಚೆನ್ನಾಗಿಯೇ ನಡೆಯುತ್ತದೆ. ಕ್ಯಾಮೆರಾ ಕಂಪನಿಯ ತಂತ್ರಾಂಶ ಚಿತ್ರಗಳನ್ನು ಒಂದು ಫೋಲ್ಡರ್‌ಗೆ ತಂದು ಹಾಕಲಿ. ಲೈಟ್‌ರೂಮ್‌ನ ‘ಆಟೊ ಇಂಪೋರ್ಟ್’ ಅದೇ ಫೋಲ್ಡರನ್ನು ಕಾಯುತ್ತಿರಲಿ. ಹೊಸ ಚಿತ್ರ ಬಿದ್ದೊಡನೆ ಅದು ಎತ್ತಿಕೊಂಡು, ಮೊದಲೇ ಆರಿಸಿದ ಬಣ್ಣದ ಪ್ರಿಸೆಟ್ ಹಚ್ಚಿ ತೋರಿಸುತ್ತದೆ. ಕಾಯುವ ಫೋಲ್ಡರ್ ಆರಂಭದಲ್ಲಿ ಖಾಲಿ ಇರಬೇಕು, ಇಲ್ಲದಿದ್ದರೆ ಲೈಟ್‌ರೂಮ್ ಒಪ್ಪುವುದಿಲ್ಲ. ಕ್ಯಾಪ್ಚರ್ ಒನ್‌ನಲ್ಲಿ ಇದೇ ಕೆಲಸಕ್ಕೆ ಹಾಟ್ ಫೋಲ್ಡರ್ ಇದೆ. ಲಿನಕ್ಸ್ ಬಳಸುವವರಿಗೆ ಜಿಫೋಟೊ2 ಎಂಬ ಮುಕ್ತ ತಂತ್ರಾಂಶ ಪಿಟಿಪಿ-ಐಪಿ ಮೂಲಕ ಕೆಲವು ಕ್ಯಾಮೆರಾಗಳ ಜೊತೆ ಮಾತಾಡಬಲ್ಲದು, ಕಮಾಂಡ್ ಸಾಲಿನ ಅಭ್ಯಾಸವಿದ್ದರೆ.

ಮೇಲ್ದರ್ಜೆಯ ಕ್ಯಾಮೆರಾಗಳಲ್ಲಿ ಎಫ್‌ಟಿಪಿ ಎಂಬ ಇನ್ನೊಂದು ದಾರಿಯಿದೆ. ಕಂಪ್ಯೂಟರಿನಲ್ಲಿ ಒಂದು ಎಫ್‌ಟಿಪಿ ಸರ್ವರ್ ಓಡಿಸಿ, ಅದರ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್‌ಗಳನ್ನು ಕ್ಯಾಮೆರಾಕ್ಕೆ ಕೊಟ್ಟರೆ ಚಿತ್ರಗಳು ನೇರ ಹೋಗುತ್ತವೆ. ನಿಯಂತ್ರಣ ಇರುವುದಿಲ್ಲ. ಆದರೆ ನೆಟ್‌ವರ್ಕ್ ಕಡಿದು ಮತ್ತೆ ಬಂದಾಗ ಉಳಿದ ಚಿತ್ರಗಳನ್ನು ಕಳಿಸುವುದರಲ್ಲಿ ಇದು ಬಲು ಗಟ್ಟಿ. ಕ್ರೀಡಾಂಗಣದ ಪತ್ರಿಕಾ ಛಾಯಾಗ್ರಾಹಕರು ಇದನ್ನು ನೆಚ್ಚಿಕೊಂಡಿರುವುದು ಸುಮ್ಮನೆ ಅಲ್ಲ.

ಜೋಡಣೆ ಆಗದಿದ್ದರೆ

ಮೊದಲು ನೋಡಬೇಕಾದದ್ದು ಐಪಿ ವಿಳಾಸ. ಕಂಪ್ಯೂಟರಿನ ವಿಳಾಸ 192.168.1.5 ಎಂದಿದ್ದು ಕ್ಯಾಮೆರಾದ್ದು 192.168.1.8 ಎಂದಿದ್ದರೆ ಮನೆಯಲ್ಲಿ ಬಳಸುವ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಎರಡೂ ಒಂದೇ ಕೇರಿಯವು. ಮೂರನೆಯ ಸಂಖ್ಯೆಯೇ ಬೇರೆ ಇದ್ದರೆ ಅವು ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ ಎಂದರ್ಥ. ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ರೂಟರ್ ಆಫ್ ಮಾಡಿ ಆನ್ ಮಾಡಿ ನೋಡಬೇಕು. ವಿಳಾಸಗಳು ಸರಿಯಿದ್ದೂ ಕ್ಯಾಮೆರಾ ಕಾಣದಿದ್ದರೆ ರೂಟರಿನ ಗೆಸ್ಟ್ ನೆಟ್‌ವರ್ಕ್‌ಗೆ ಸೇರಿರಬಹುದು, ಅಥವಾ ಎಪಿ ಐಸೊಲೇಷನ್ ಎಂಬ ಸೆಟ್ಟಿಂಗ್ ಸಾಧನಗಳನ್ನು ಪರಸ್ಪರ ದೂರ ಇಟ್ಟಿರಬಹುದು.

ಎರಡನೆಯ ಅನುಮಾನ ಫೈರ್‌ವಾಲ್ ಮೇಲೆ. ವಿಂಡೋಸ್ ಹೊಸ ವೈ-ಫೈ ಕಂಡಾಗ ಅದನ್ನು ‘ಪಬ್ಲಿಕ್’ ಎಂದು ಗುರುತಿಸಿ ಹೊರಗಿನಿಂದ ಬರುವ ಸಂಪರ್ಕಗಳನ್ನು ಬಿಗಿಮಾಡುತ್ತದೆ. ಸ್ವಂತ ರೂಟರ್ ಆಗಿದ್ದರೆ ‘ಪ್ರೈವೇಟ್’ ಎಂದು ಬದಲಿಸಬೇಕು. ಮ್ಯಾಕ್‌ನಲ್ಲಿ 2024ರ ಸೆಕೋಯಾ ಆವೃತ್ತಿಯಿಂದ ಪ್ರತಿ ತಂತ್ರಾಂಶಕ್ಕೂ ‘ಲೋಕಲ್ ನೆಟ್‌ವರ್ಕ್’ ಬಳಸಲು ಅನುಮತಿ ಬೇಕು. ಪ್ರೈವಸಿ ಸೆಟ್ಟಿಂಗ್‌ನಲ್ಲಿ ಆ ಸ್ವಿಚ್ ಆಫ್ ಇದ್ದರೆ ಏನು ಮಾಡಿದರೂ ಕ್ಯಾಮೆರಾ ಸಿಗದು. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ ಓಡುತ್ತಿದ್ದರೆ ಅದೂ ಸ್ಥಳೀಯ ಸಾಧನಗಳನ್ನು ಮರೆಮಾಡುತ್ತದೆ.

ರೂಟರಿನ ಹೆಸರೇ ಕ್ಯಾಮೆರಾಕ್ಕೆ ಕಾಣುತ್ತಿಲ್ಲ ಎಂದರೆ ಅದು 5 ಗಿಗಾಹರ್ಟ್ಸ್ ಮಾತ್ರ ಬಿತ್ತರಿಸುತ್ತಿದ್ದು ಕ್ಯಾಮೆರಾ 2.4ರದ್ದಾಗಿರಬಹುದು. ಎರಡೂ ತರಂಗಗಳಿಗೆ ಒಂದೇ ಹೆಸರಿಟ್ಟ ರೂಟರ್‌ಗಳಲ್ಲಿ ಗೊಂದಲ ಹೆಚ್ಚು. ಬೇರೆ ಬೇರೆ ಹೆಸರಿಟ್ಟರೆ ಯಾವುದಕ್ಕೆ ಸೇರಿದೆ ಎಂಬುದು ಸ್ಪಷ್ಟವಾಗಿರುತ್ತದೆ. ಹೊಸ ರೂಟರಿನಲ್ಲಿ ಡಬ್ಲ್ಯುಪಿಎ3 ಭದ್ರತೆ ಮಾತ್ರ ಆನ್ ಇದ್ದರೆ ಹಳೆಯ ಕ್ಯಾಮೆರಾ ಅದಕ್ಕೆ ಸೇರಲಾರದು. ಡಬ್ಲ್ಯುಪಿಎ2 ಕೂಡ ಸೇರಿರುವ ಮಿಶ್ರ ಆಯ್ಕೆ ಇಡಬೇಕು.

ಜೋಡಣೆಯಾಗಿ ನಿಧಾನವಿದ್ದರೆ ಸುತ್ತಲಿನ ಗದ್ದಲವನ್ನು ನೋಡಬೇಕು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಪಾರ್ಟ್‌ಮೆಂಟಿನ ಹತ್ತಾರು ರೂಟರ್‌ಗಳು, ಬ್ಲೂಟೂತ್, ಮೈಕ್ರೊವೇವ್ ಓವನ್ ಎಲ್ಲವೂ ಅಲ್ಲೇ ಕಿಕ್ಕಿರಿದಿರುತ್ತವೆ. ಆ ಮೂರರಲ್ಲಿ ಬಿಡುವಾಗಿರುವುದನ್ನು ಆರಿಸುವುದು ಒಂದು ಪರಿಹಾರ, 5 ಗಿಗಾಹರ್ಟ್ಸ್‌ಗೆ ಹೋಗುವುದು ಇನ್ನೂ ಒಳ್ಳೆಯದು. 5 ಗಿಗಾಹರ್ಟ್ಸ್‌ನಲ್ಲೂ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಡಾರ್‌ಗಳೂ ಬಳಸುತ್ತವೆ. ರಡಾರ್ ಸುಳಿವು ಸಿಕ್ಕರೆ ರೂಟರ್ ಜಾಗ ಖಾಲಿಮಾಡಬೇಕು, ಸಂಪರ್ಕ ದಿಢೀರ್ ಕಡಿಯುತ್ತದೆ. 36ರಿಂದ 48ರವರೆಗಿನವು ನೆಮ್ಮದಿಯವು. 5 ಗಿಗಾಹರ್ಟ್ಸ್ ಗೋಡೆ ದಾಟುವುದರಲ್ಲಿ ದುರ್ಬಲವಾದ್ದರಿಂದ ರೂಟರ್ ಕ್ಯಾಮೆರಾ ಇರುವ ಕೋಣೆಯಲ್ಲೇ, ಎದೆಯೆತ್ತರದಲ್ಲಿ ಇರಬೇಕು. ಲೈವ್ ವ್ಯೂ ತೆರೆದಿಟ್ಟರೆ ಅದೇ ಬಹಳಷ್ಟು ವೇಗವನ್ನು ನುಂಗುತ್ತದೆ. ಚೌಕಟ್ಟು ನಿಶ್ಚಯವಾದ ಮೇಲೆ ಮುಚ್ಚಬಹುದು.

ಬ್ಯಾಟರಿ ಮತ್ತು ಭದ್ರತೆ

ವೈ-ಫೈ ಬ್ಯಾಟರಿಯನ್ನು ಬೇಗ ಖಾಲಿ ಮಾಡುತ್ತದೆ. ಬ್ಯಾಟರಿ ಉಳಿಸಲು ಕ್ಯಾಮೆರಾ ತಾನಾಗಿ ನಿದ್ದೆಗೆ ಜಾರಿದರೆ ಸಂಪರ್ಕವೂ ಹೋಗುತ್ತದೆ. ಆಟೊ ಪವರ್ ಆಫ್ ಅವಧಿಯನ್ನು ಹೆಚ್ಚಿಸುವುದು ಅಥವಾ ನಿಲ್ಲಿಸುವುದು ಅಗತ್ಯ. ಟ್ರೈಪಾಡ್ ಮೇಲೆ ದಿನವಿಡೀ ನಿಲ್ಲುವ ಕ್ಯಾಮೆರಾಕ್ಕೆ ಡಮ್ಮಿ ಬ್ಯಾಟರಿ ಹಾಕಿ ನೇರ ಕರೆಂಟಿಗೆ ಜೋಡಿಸಬಹುದು. ಹಾಗೆ ಮಾಡಿದ ಮೇಲೆ ಕೇಬಲ್ ಇಲ್ಲದ ಟೆದರಿಂಗ್ ಎಂಬ ಮಾತಿಗೆ ಅರ್ಥ ಕಡಿಮೆ, ಅದು ಬೇರೆ ವಿಷಯ. ಓಡಾಡುವವರಿಗೆ ಕಿಸೆಯಲ್ಲಿ ಇನ್ನೆರಡು ಬ್ಯಾಟರಿ ಇರಬೇಕು.

ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್‌ನಲ್ಲಿ ಈ ಕೆಲಸ ಕೂಡದು. 2019ರಲ್ಲಿ ಚೆಕ್ ಪಾಯಿಂಟ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಕ್ಯಾನನ್ ಇಒಎಸ್ 80ಡಿ ಕ್ಯಾಮೆರಾದ ಪಿಟಿಪಿಯಲ್ಲಿದ್ದ ದೋಷಗಳನ್ನು ಬಳಸಿ, ವೈ-ಫೈ ಮೂಲಕವೇ ಕಾರ್ಡಿನ ಚಿತ್ರಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಹಾಕಿ ತೋರಿಸಿದ್ದರು. ಕ್ಯಾನನ್ ಅದಕ್ಕೆ ಫರ್ಮ್‌ವೇರ್ ತಿದ್ದುಪಡಿ ಕೊಟ್ಟಿತು. ಫರ್ಮ್‌ವೇರ್ ಅಪ್‌ಡೇಟ್ ಅಂದರೆ ಹೊಸ ಸೌಲಭ್ಯಗಳಿಗೆ ಮಾತ್ರ ಎಂದುಕೊಂಡವರು ಇದನ್ನು ಗಮನದಲ್ಲಿ ಇಡಬೇಕು. ಕೆಲಸವಿಲ್ಲದಾಗ ಕ್ಯಾಮೆರಾದ ವೈ-ಫೈ ಆಫ್ ಇರಲಿ.

ಒಂದೇ ಜಾಗದಲ್ಲಿ ಕೂತು ನೂರಾರು ರಾ ಫೈಲ್‌ಗಳನ್ನು ಬಿಡುವಿಲ್ಲದೆ ತೆಗೆಯುವ ಕ್ಯಾಟಲಾಗ್ ಕೆಲಸಕ್ಕೆ ಈಗಲೂ ಯುಎಸ್‌ಬಿ ಕೇಬಲ್ಲೇ ಮೇಲು. ಓಡಾಟ, ಎತ್ತರ, ಜನಜಂಗುಳಿ ಇರುವ ಕಡೆ ಜೆಪೆಗ್ ಮಟ್ಟಿಗೆ ವೈ-ಫೈ ಧಾರಾಳವಾಗಿ ಸಾಲುತ್ತದೆ. ಗ್ರಾಹಕರ ಮುಂದೆ ನಿಂತು ಮೊದಲ ಸಲ ಪೇರಿಂಗ್ ಮಾಡುವ ಬದಲು ಹಿಂದಿನ ದಿನವೇ ಅದೇ ಲ್ಯಾಪ್‌ಟಾಪ್, ಅದೇ ರೂಟರ್ ಇಟ್ಟುಕೊಂಡು ಮಾಡಿ ಮುಗಿಸಬೇಕು. ಬ್ಯಾಗಿನಲ್ಲಿ ಒಂದು ಯುಎಸ್‌ಬಿ ಕೇಬಲ್ ಆಗಲೂ ಇರಲಿ.